ಕಟಕಟೆಯಲ್ಲಿ 15ರ ಹುಡುಗ, ಜಡ್ಜ್ ಕುರ್ಚಿಯಲ್ಲಿ 16ರ ಹುಡುಗಿ: ಏನಿದು ಯೂತ್ ಕೋರ್ಟ್?

(ಪಾಡ್‌ಕಾಸ್ಟ್ ಸಂಚಿಕೆಯ ಪಠ್ಯರೂಪ)

ಬಸ್ಸಲ್ಲೋ ಮೆಟ್ರೊದಲ್ಲೋ ಇಯರ್‌ಫೋನ್ ಹಾಕ್ಕೊಂಡು ಕೇಳ್ತಿದ್ದೀರಿ ಅಂದ್ರೆ, ಇನ್ನು ಸ್ವಲ್ಪ ಹೊತ್ತು ನನ್ನ ಜೊತೆ ಇರಿ.

ಮೊದಲು ಒಂದು ಪ್ರಶ್ನೆ. ಒಂಬತ್ತನೇ ಕ್ಲಾಸಿನ ಹುಡುಗ ಅಂಗಡಿಯಿಂದ ಏನೋ ಕದ್ದು ಸಿಕ್ಕಿಬಿದ್ದ ಅಂತಿಟ್ಕೊಳ್ಳಿ. ಅವನನ್ನ ಯಾರು ವಿಚಾರಿಸಬೇಕು? ಅಪ್ಪ-ಅಮ್ಮನಾ? ಪೊಲೀಸರಾ? ಜಡ್ಜಾ? ಅಥವಾ ಅವನದೇ ವಯಸ್ಸಿನ ಏಳೆಂಟು ಹುಡುಗ ಹುಡುಗಿಯರಾ? ಕೊನೆಯ ಉತ್ತರ ತಮಾಷೆ ಅನ್ನಿಸಬಹುದು. ಆದ್ರೆ ಅಮೆರಿಕದಲ್ಲಿ ನಾಲ್ಕು ದಶಕಗಳಿಂದ ಇದು ನಡೀತಾ ಇದೆ. ಯೂತ್ ಕೋರ್ಟ್, ಟೀನ್ ಕೋರ್ಟ್, ಪಿಯರ್ ಕೋರ್ಟ್, ಹೀಗೆ ಒಂದೊಂದು ಊರಲ್ಲಿ ಒಂದೊಂದು ಹೆಸರು. 1994ರ ಹೊತ್ತಿಗೆ ಇಡೀ ದೇಶದಲ್ಲಿ 80ರ ಆಸುಪಾಸಿನಲ್ಲಿದ್ದ ಇಂಥ ಕೋರ್ಟುಗಳು, ಮುಂದಿನ ಹತ್ತು ಹನ್ನೆರಡು ವರ್ಷಗಳಲ್ಲಿ ಸಾವಿರ ದಾಟಿದವು.

ಇವು ನಾಟಕದ ಕೋರ್ಟುಗಳಲ್ಲ. ಪ್ರಕರಣ ನಿಜವಾದದ್ದು, ಶಿಕ್ಷೆನೂ ನಿಜವಾದದ್ದು. ಇವತ್ತು ಮೂರು ವಿಷಯ ನೋಡೋಣ. ಈ ಕೋರ್ಟು ಹೇಗೆ ನಡೆಯುತ್ತೆ? ಇದರಿಂದ ಮಕ್ಕಳು ನಿಜವಾಗಲೂ ಸರಿದಾರಿಗೆ ಬರ್ತಾರಾ? ಮತ್ತೆ, ನಮ್ಮ ದೇಶದ ಕಾನೂನಲ್ಲಿ ಇಂಥದ್ದಕ್ಕೆ ಜಾಗ ಇದೆಯಾ?

ಕೋಣೆಯೊಳಗೆ ಏನಾಗುತ್ತೆ?

ನ್ಯೂಯಾರ್ಕ್ ನಗರದ ಬ್ರೂಕ್ಲಿನ್‌ನಲ್ಲಿ ರೆಡ್ ಹುಕ್ ಅಂತ ಒಂದು ಏರಿಯಾ ಇದೆ. ಒಂದು ಕಡೆ ಬಂದರು, ಇನ್ನೊಂದು ಕಡೆ ದೊಡ್ಡ ಸರ್ಕಾರಿ ವಸತಿ ಸಮುಚ್ಚಯ. 1992ರಲ್ಲಿ ಅಲ್ಲಿನ ಪ್ರಾಥಮಿಕ ಶಾಲೆಯ ಪ್ರಿನ್ಸಿಪಾಲ್ ಪ್ಯಾಟ್ರಿಕ್ ಡೇಲಿ, ಶಾಲೆ ಬಿಟ್ಟು ಹೋಗಿದ್ದ ಒಬ್ಬ ವಿದ್ಯಾರ್ಥಿಯನ್ನ ಹುಡುಕಿಕೊಂಡು ಹೊರಟಿದ್ದಾಗ ಗುಂಡಿನ ಚಕಮಕಿ ಮಧ್ಯೆ ಸಿಕ್ಕಿ ಸತ್ತುಹೋದರು. ಆ ಸಾವು ಊರನ್ನೇ ಅಲ್ಲಾಡಿಸಿತು. ಬರೀ ಪೊಲೀಸರನ್ನ ಹೆಚ್ಚಿಸಿದ್ರೆ ಸಾಕಾಗಲ್ಲ, ನ್ಯಾಯವೇ ಬೀದಿಗೆ ಹತ್ತಿರ ಬರಬೇಕು ಅನ್ನೋ ಮಾತು ಶುರುವಾಯ್ತು. 2000ದಲ್ಲಿ ಅಲ್ಲೊಂದು ಹಳೇ ಚರ್ಚ್ ಶಾಲೆಯ ಕಟ್ಟಡದಲ್ಲಿ ಸಮುದಾಯ ನ್ಯಾಯ ಕೇಂದ್ರ ತೆರೆಯಿತು. ರೆಡ್ ಹುಕ್‌ನ ಯೂತ್ ಕೋರ್ಟ್ ಈ ಪ್ರಯತ್ನದ ಒಂದು ಭಾಗ.

ಅಲ್ಲಿನ ಮಾದರಿಯಲ್ಲಿ ವಿಚಾರಣೆ ಹೇಗಿರುತ್ತೆ ಅಂತ ಒಂದು ಕಾಲ್ಪನಿಕ ಪ್ರಕರಣ ಇಟ್ಕೊಂಡು ನೋಡೋಣ. 15 ವರ್ಷದ ಹುಡುಗ, ಮೂರು ಜನ ಸ್ನೇಹಿತರ ಜೊತೆ ಅಂಗಡಿಗೆ ಹೋಗಿ ಒಂದು ಹೆಡ್‌ಫೋನ್ ಎಗರಿಸಿದ. ಸ್ನೇಹಿತರು ಓಡಿದ್ರು, ಇವನು ಸಿಕ್ಕಿಬಿದ್ದ. ಮೊದಲನೇ ಸಲ. ಪೊಲೀಸರೋ ಶಾಲೆಯವರೋ ಇವನನ್ನ ಯೂತ್ ಕೋರ್ಟ್‌ಗೆ ಕಳಿಸ್ತಾರೆ. ಹೋಗೋದು ಬಿಡೋದು ಅವನಿಗೂ ಮನೆಯವರಿಗೂ ಬಿಟ್ಟದ್ದು. ಹೋಗ್ಬೇಕು ಅಂದ್ರೆ ಒಂದು ಷರತ್ತಿದೆ: ‘ನಾನು ಮಾಡಿದ್ದು ನಿಜ’ ಅಂತ ಮೊದಲೇ ಒಪ್ಪಿಕೊಳ್ಳಬೇಕು. ಹೆಚ್ಚಿನ ಯೂತ್ ಕೋರ್ಟುಗಳು ತಪ್ಪು ಮಾಡಿದನೋ ಇಲ್ಲವೋ ಅಂತ ತೀರ್ಮಾನ ಮಾಡೋದಿಲ್ಲ. ಈಗ ಇದಕ್ಕೆ ಏನು ಮಾಡೋಣ ಅನ್ನೋದಷ್ಟೇ ಅವುಗಳ ಕೆಲಸ. ಈ ಷರತ್ತು ನೆನಪಿಟ್ಕೊಳ್ಳಿ, ಆಮೇಲೆ ಮತ್ತೆ ಬರ್ತೀನಿ.

ಕೋಣೆಯಲ್ಲಿ ಜಡ್ಜ್ ಸ್ಥಾನದಲ್ಲಿ ಒಬ್ಬಳು ಹೈಸ್ಕೂಲ್ ಹುಡುಗಿ. ಒಂದು ಕಡೆ ಈ ಹುಡುಗನ ಪರ ಮಾತಾಡೋ ಯುವ ವಕೀಲ. ಇನ್ನೊಂದು ಕಡೆ ಊರಿನ ಪರ ಮಾತಾಡೋ ಯುವ ವಕೀಲೆ. ‘ಅಂಗಡಿಯವರಿಗೆ ಏನು ನಷ್ಟ ಆಯ್ತು, ಬೀದಿಯ ಮೇಲೆ ಏನು ಪರಿಣಾಮ ಆಯ್ತು’ ಅಂತ ಹೇಳೋದು ಅವಳ ಕೆಲಸ. ಪಕ್ಕದಲ್ಲಿ ಜ್ಯೂರಿ, ಅವರೂ ಹದಿಹರೆಯದವರೇ. ದೊಡ್ಡವರು ಇರ್ತಾರೆ, ಆದ್ರೆ ಹಿಂದೆ ಕೂತಿರ್ತಾರೆ. ಹುಡುಗನನ್ನ ‘ಆರೋಪಿ’ ಅಂತ ಕರೆಯಲ್ಲ, ‘ಉತ್ತರ ಕೊಡುವವನು’ ಅನ್ನೋ ಅರ್ಥದ ಪದ ಬಳಸ್ತಾರೆ.

ನನಗೆ ಇದರಲ್ಲಿ ಅತಿ ಮುಖ್ಯ ಅನ್ನಿಸಿದ್ದು ಜ್ಯೂರಿಯ ಪ್ರಶ್ನೆಗಳು. ಮಾಮೂಲಿ ಕೋರ್ಟಲ್ಲಿ ವಕೀಲರು ಮಾತಾಡ್ತಾರೆ, ಹುಡುಗ ತಲೆ ತಗ್ಗಿಸಿ ನಿಂತಿರ್ತಾನೆ. ಇಲ್ಲಿ ಅವನೇ ಮಾತಾಡ್ಬೇಕು. ‘ಹೆಡ್‌ಫೋನ್ ನಿನಗೆ ಬೇಕಿತ್ತಾ, ಇಲ್ಲಾ ಸ್ನೇಹಿತರ ಮುಂದೆ ತೋರಿಸ್ಕೊಳ್ಳೋಕೆ ತಗೊಂಡ್ಯಾ?’ ‘ಓಡಿಹೋದವರು ಆಮೇಲೆ ಒಂದು ಫೋನಾದ್ರೂ ಮಾಡಿದ್ರಾ?’ ‘ಮನೇಲಿ ಅಮ್ಮ ಏನಂದ್ರು?’ ‘ಮುಂದಿನ ವಾರ ಅದೇ ಗೆಳೆಯರು ಕರೆದ್ರೆ ಏನು ಹೇಳ್ತೀಯ?’ ಇಂಥ ಪ್ರಶ್ನೆಗಳನ್ನ ಐವತ್ತು ವರ್ಷದ ಮ್ಯಾಜಿಸ್ಟ್ರೇಟ್ ಕೇಳಿದ್ರೆ ‘ಸಾರಿ ಸರ್’ ಅಂದುಬಿಡಬಹುದು. ಅದೇ ಬೀದಿಯಲ್ಲಿ ಬೆಳೆದ, ಅದೇ ಶೂ ಹಾಕೋ, ಅದೇ ರೀಲ್ಸ್ ನೋಡೋ ಹುಡುಗಿ ಕೇಳಿದಾಗ ಸುಳ್ಳು ಹೇಳೋದು ಕಷ್ಟ. ಯಾಕಂದ್ರೆ ಅವಳಿಗೆ ಆ ಸುಳ್ಳು ಗೊತ್ತಿದೆ.

ಕೊನೆಗೆ ಜ್ಯೂರಿ ಚರ್ಚೆ ಮಾಡಿ ತೀರ್ಮಾನ ಹೇಳುತ್ತೆ: ಇಷ್ಟು ಗಂಟೆ ಸಮುದಾಯ ಸೇವೆ, ಅಂಗಡಿಯವರಿಗೊಂದು ಕ್ಷಮಾಪಣೆ ಪತ್ರ, ಬೇಕಿದ್ರೆ ನಷ್ಟ ಪರಿಹಾರ, ಒಂದು ಪ್ರಬಂಧ, ಇಲ್ಲಾ ಒಂದು ತರಬೇತಿ ಶಿಬಿರ. ಜೊತೆಗೆ ಬಹಳಷ್ಟು ಕಡೆ ಇನ್ನೊಂದು ಶಿಕ್ಷೆ ಇರುತ್ತೆ: ‘ಮುಂದಿನ ಪ್ರಕರಣಗಳಲ್ಲಿ ನೀನೇ ಜ್ಯೂರಿಯಾಗಿ ಬಂದು ಕೂರಬೇಕು.’ ಕಟಕಟೆಯಲ್ಲಿ ನಿಂತಿದ್ದವನು ಕೆಲವೇ ವಾರಗಳಲ್ಲಿ ಎದುರಿನ ಕುರ್ಚಿಗೆ ಬರ್ತಾನೆ. ಹೇಳಿದ್ದನ್ನೆಲ್ಲ ಗಡುವಿನೊಳಗೆ ಮುಗಿಸಿದ್ರೆ ಪ್ರಕರಣ ಅಲ್ಲಿಗೇ ಮುಗಿಯುತ್ತೆ. ಮುಗಿಸದಿದ್ರೆ ಮತ್ತೆ ಮಾಮೂಲಿ ದಾರಿಗೆ, ಅಂದ್ರೆ ಪೊಲೀಸ್ ಮತ್ತು ನಿಜವಾದ ಕೋರ್ಟಿನ ಕಡೆಗೆ.

ಇದು ಯಾಕೆ ಬೇಕಾಯ್ತು?

ಮಕ್ಕಳಿಗೆ ಬೇರೆಯೇ ಕೋರ್ಟು ಬೇಕು ಅನ್ನೋ ಯೋಚನೆಗೆ ನೂರು ವರ್ಷ ದಾಟಿದೆ. ಅಮೆರಿಕದ ಮೊದಲ ಬಾಲ ನ್ಯಾಯಾಲಯ ಶುರುವಾಗಿದ್ದು 1899ರಲ್ಲಿ, ಷಿಕಾಗೋದಲ್ಲಿ. ಉದ್ದೇಶ ಒಳ್ಳೇದೇ. ಮಕ್ಕಳನ್ನ ದೊಡ್ಡವರ ಜೈಲಿಗೆ ಹಾಕಬೇಡಿ, ತಂದೆ ಸ್ಥಾನದಲ್ಲಿ ನಿಂತು ತಿದ್ದಿ ಅನ್ನೋದು. ಆದ್ರೆ ಆ ‘ತಂದೆ’ ಕೆಲವು ಸಲ ತುಂಬಾ ಕಠಿಣ ಆಗಿಬಿಟ್ಟ.

ಒಂದು ಪ್ರಸಿದ್ಧ ಪ್ರಕರಣ ಇದೆ. 1964ರಲ್ಲಿ ಅರಿಜೋನಾದಲ್ಲಿ 15 ವರ್ಷದ ಜೆರಾಲ್ಡ್ ಗಾಲ್ಟ್ ಅನ್ನೋ ಹುಡುಗ, ಪಕ್ಕದ ಮನೆಯ ಮಹಿಳೆಗೆ ಅಶ್ಲೀಲವಾಗಿ ಫೋನ್ ಮಾಡಿದ ಅನ್ನೋ ಆರೋಪದ ಮೇಲೆ ಸಿಕ್ಕಿಬಿದ್ದ. ಅವನಿಗೆ ವಕೀಲರಿರಲಿಲ್ಲ. ದೂರು ಕೊಟ್ಟ ಮಹಿಳೆ ಕೋರ್ಟಿಗೇ ಬರಲಿಲ್ಲ. 21 ವರ್ಷ ಆಗೋವರೆಗೆ ಸುಧಾರಣಾ ಶಾಲೆಯಲ್ಲಿಡಿ ಅಂತ ಆದೇಶ ಆಯ್ತು. ಅಂದ್ರೆ ಆರು ವರ್ಷದವರೆಗೆ. ಇದೇ ತಪ್ಪನ್ನ ದೊಡ್ಡವರು ಮಾಡಿದ್ರೆ ಶಿಕ್ಷೆ ಎಷ್ಟಿತ್ತು ಗೊತ್ತಾ? ಹೆಚ್ಚಂದ್ರೆ 50 ಡಾಲರ್ ದಂಡ ಅಥವಾ ಎರಡು ತಿಂಗಳ ಜೈಲು. 1967ರಲ್ಲಿ ಅಮೆರಿಕದ ಸುಪ್ರೀಂ ಕೋರ್ಟ್ ಈ ಆದೇಶ ರದ್ದು ಮಾಡಿ, ಮಕ್ಕಳಿಗೂ ವಕೀಲರನ್ನ ಪಡೆಯೋ ಹಕ್ಕಿದೆ, ಸಾಕ್ಷಿಗಳನ್ನ ಪ್ರಶ್ನಿಸೋ ಹಕ್ಕಿದೆ, ಸುಮ್ಮನಿರೋ ಹಕ್ಕೂ ಇದೆ ಅಂತ ಹೇಳಿತು.

ಹಕ್ಕುಗಳು ಬಂದವು, ಸರಿ. ಆದ್ರೆ ಇನ್ನೊಂದು ಸಮಸ್ಯೆ ಉಳೀತು. ಸಣ್ಣ ತಪ್ಪು ಮಾಡಿದ ಮಕ್ಕಳ ಮುಂದೆ ಇದ್ದದ್ದು ಎರಡೇ ದಾರಿ. ಒಂದು, ಪೊಲೀಸರು ಬೈದು ಮನೆಗೆ ಕಳಿಸೋದು, ಅಂದ್ರೆ ಏನೂ ಆಗಲ್ಲ. ಇನ್ನೊಂದು, ತಿಂಗಳುಗಟ್ಟಲೆ ಎಳೆಯೋ ಕೋರ್ಟು, ಜೊತೆಗೆ ಕೆಲಸ ಕೇಳೋಕೆ ಹೋದಾಗ ಕಾಡಬಹುದಾದ ಒಂದು ದಾಖಲೆ. ನ್ಯೂಯಾರ್ಕ್ ರಾಜ್ಯವನ್ನೇ ನೋಡಿ. ಅಲ್ಲಿ 16, 17 ವರ್ಷದವರನ್ನ ಕ್ರಿಮಿನಲ್ ಪ್ರಕರಣಗಳಲ್ಲಿ ನೇರವಾಗಿ ವಯಸ್ಕರು ಅಂತಲೇ ನೋಡ್ತಿದ್ರು. ಇದನ್ನ ಬದಲಿಸೋ ಕಾನೂನು ಬಂದಿದ್ದು 2017ರಲ್ಲಿ. ಅದು 16ರವರಿಗೆ 2018ರಿಂದ, 17ರವರಿಗೆ 2019ರಿಂದ ಜಾರಿಗೆ ಬಂತು. ಅಲ್ಲೀವರೆಗೆ ಹನ್ನೊಂದನೇ ಕ್ಲಾಸಿನ ಒಬ್ಬ ಹುಡುಗನ ಕಳ್ಳತನದ ಪ್ರಕರಣ ದೊಡ್ಡವರ ಕೋರ್ಟಿಗೆ ಹೋಗ್ತಿತ್ತು. ಅಂಥ ಜಾಗದಲ್ಲಿ ಯೂತ್ ಕೋರ್ಟ್ ಅನ್ನೋದು ಒಂದು ಮಧ್ಯದ ದಾರಿ ಆಯ್ತು: ಸುಮ್ಮನೆ ಬಿಡೋದೂ ಇಲ್ಲ, ಹಣೆಗೆ ಮುದ್ರೆ ಒತ್ತೋದೂ ಇಲ್ಲ.

ಈ ಮಧ್ಯದ ದಾರಿಯನ್ನ ಜನಪ್ರಿಯ ಮಾಡಿದ್ದು ಟೆಕ್ಸಾಸ್‌ನ ಒಡೆಸ್ಸಾ ಅನ್ನೋ ತೈಲದ ಊರು. ಅಲ್ಲೊಂದು ಇಲ್ಲೊಂದು ಕಡೆ ಮೊದಲೇ ಇಂಥ ಪ್ರಯೋಗ ಆಗಿತ್ತು, ಆದ್ರೆ 1983ರಲ್ಲಿ ಶುರುವಾದ ಒಡೆಸ್ಸಾ ಟೀನ್ ಕೋರ್ಟ್ ಬೇರೆ ಊರುಗಳಿಗೆ ಮಾದರಿ ಆಯ್ತು. ಅಲಾಸ್ಕಾದ ಆಂಕರೇಜ್ ನಗರ ಇನ್ನೂ ಒಂದು ಹೆಜ್ಜೆ ಮುಂದೆ ಹೋಯ್ತು. ಅಲ್ಲಿ ಜಡ್ಜ್, ಪ್ರಾಸಿಕ್ಯೂಟರ್, ಡಿಫೆನ್ಸ್ ವಕೀಲರು, ಎಲ್ಲರೂ ಶಾಲಾ ಮಕ್ಕಳೇ. ಕಾನೂನಿನ ತರಗತಿಗಳಿಗೆ ಹೋಗಿ, ವಕೀಲರ ಬಾರ್ ಪರೀಕ್ಷೆಯ ಥರದ್ದೇ ಒಂದು ಪರೀಕ್ಷೆ ಪಾಸಾದ್ರೆ ಮಾತ್ರ ಅಲ್ಲಿ ನಿಂತು ವಾದ ಮಾಡಬಹುದು. ಇನ್ನು ಕೆಲವು ಊರುಗಳಲ್ಲಿ ಜಡ್ಜ್ ಮಾತ್ರ ದೊಡ್ಡವರು, ಉಳಿದವರೆಲ್ಲ ಹುಡುಗರು. ಹಾಗಾಗಿ ‘ಯೂತ್ ಕೋರ್ಟ್’ ಅಂದ ತಕ್ಷಣ ಎಲ್ಲ ಕಡೆ ಒಂದೇ ಥರ ಇರುತ್ತೆ ಅನ್ಕೋಬೇಡಿ.

ಸರಿ, ಇದು ಕೆಲಸ ಮಾಡುತ್ತಾ?

ಕೇಳೋಕೆ ಚೆನ್ನಾಗಿರೋದೆಲ್ಲ ಕೆಲಸ ಮಾಡ್ಬೇಕು ಅಂತೇನಿಲ್ಲ. ಅಂಕಿ ಅಂಶ ನೋಡೋಣ. 2002ರಲ್ಲಿ ಅಲ್ಲಿನ ಅರ್ಬನ್ ಇನ್‌ಸ್ಟಿಟ್ಯೂಟ್ ಅನ್ನೋ ಸಂಶೋಧನಾ ಸಂಸ್ಥೆ ನಾಲ್ಕು ರಾಜ್ಯಗಳ ಟೀನ್ ಕೋರ್ಟುಗಳ ಅಧ್ಯಯನ ಪ್ರಕಟಿಸಿತು. ಟೀನ್ ಕೋರ್ಟಿಗೆ ಹೋದ ಮಕ್ಕಳು, ಹೋಗದೇ ಮಾಮೂಲಿ ವ್ಯವಸ್ಥೆಯಲ್ಲಿ ಸಾಗಿದ ಅದೇ ಥರದ ಮಕ್ಕಳು, ಈ ಎರಡೂ ಗುಂಪಿನಲ್ಲಿ ಆರು ತಿಂಗಳೊಳಗೆ ಮತ್ತೆ ಎಷ್ಟು ಜನ ಸಿಕ್ಕಿಬಿದ್ರು ಅಂತ ಹೋಲಿಸಿ ನೋಡಿದ್ರು.

ಅಲಾಸ್ಕಾದಲ್ಲಿ ಟೀನ್ ಕೋರ್ಟಿಗೆ ಹೋದವರಲ್ಲಿ ಶೇ 6, ಹೋಗದವರಲ್ಲಿ ಶೇ 23. ಮಿಸ್ಸೂರಿಯಲ್ಲಿ ಶೇ 9, ಎದುರಿಗೆ ಶೇ 28. ದೊಡ್ಡ ವ್ಯತ್ಯಾಸ. ಅರಿಜೋನಾದಲ್ಲಿ ಶೇ 9 ಮತ್ತು ಶೇ 15. ಇಲ್ಲೂ ಟೀನ್ ಕೋರ್ಟೇ ಮೇಲು, ಆದ್ರೆ ಈ ಅಂತರ ಕಾಕತಾಳೀಯ ಅಲ್ಲ ಅಂತ ಖಚಿತವಾಗಿ ಹೇಳೋಷ್ಟು ದೊಡ್ಡದಲ್ಲ. ಈಗ ಮೇರಿಲ್ಯಾಂಡ್. ಅಲ್ಲಿ ಟೀನ್ ಕೋರ್ಟಿಗೆ ಹೋದವರಲ್ಲಿ ಶೇ 8, ಹೋಗದವರಲ್ಲಿ ಶೇ 4. ಉಲ್ಟಾ! ಈ ಅಂತರವೂ ಖಚಿತ ತೀರ್ಮಾನಕ್ಕೆ ಸಾಲದು, ಆದ್ರೂ ಯಾಕೆ ಹೀಗೆ ಅಂತ ಕೇಳ್ಬೇಕಲ್ವಾ?

ಉತ್ತರ ಹೋಲಿಕೆಯಲ್ಲೇ ಇದೆ. ಮೇರಿಲ್ಯಾಂಡ್‌ನಲ್ಲಿ ಹೋಲಿಸಿ ನೋಡಿದ ಇನ್ನೊಂದು ಗುಂಪಿನ ಮಕ್ಕಳನ್ನ ಪೊಲೀಸರು ಸುಮ್ಮನೆ ಬಿಟ್ಟಿರಲಿಲ್ಲ. ಅವರಿಗೂ ಪೊಲೀಸ್ ಇಲಾಖೆಯೇ ಕೋರ್ಟಿನ ಹೊರಗೆ, ಟೀನ್ ಕೋರ್ಟಿನ ಥರದ್ದೇ ಕೆಲಸಗಳನ್ನ, ಸಹಾಯವನ್ನ ಕೊಡ್ತಿತ್ತು. ಮಗುವನ್ನ ಬೇಗ ಕರೆದು ಮಾತಾಡಿಸಿ, ತಪ್ಪಿಗೆ ತಕ್ಕ ಒಂದು ಕೆಲಸ ಕೊಟ್ಟು, ಅದು ಮುಗಿಯೋವರೆಗೆ ಗಮನ ಇಡೋ ವ್ಯವಸ್ಥೆ ಈಗಾಗಲೇ ಇದ್ರೆ, ಟೀನ್ ಕೋರ್ಟ್ ಹೊಸದಾಗಿ ಸೇರಿಸೋದು ಕಡಿಮೆ ಅಂತಾಯ್ತು.

ಇದೇ ಮೇರಿಲ್ಯಾಂಡ್‌ನಲ್ಲಿ ನಡೆದ ಇನ್ನೊಂದು ಅಧ್ಯಯನ 2008ರಲ್ಲಿ ಬಂತು. ಇದರಲ್ಲಿ ಯಾವ ಮಗು ಟೀನ್ ಕೋರ್ಟಿಗೆ, ಯಾವ ಮಗು ಮಾಮೂಲಿ ಬಾಲ ನ್ಯಾಯ ಇಲಾಖೆಗೆ ಅಂತ ಚೀಟಿ ಎತ್ತಿದ ಹಾಗೆ ಹಂಚಿದ್ರು. ಹೋಲಿಕೆಗೆ ಇದು ಹೆಚ್ಚು ನಂಬಿಕೆಯ ವಿಧಾನ. ಫಲಿತಾಂಶ ಉತ್ಸಾಹ ತರೋ ಥರ ಇರಲಿಲ್ಲ. ಅಧಿಕೃತ ದಾಖಲೆಗಳಲ್ಲಿ ಟೀನ್ ಕೋರ್ಟಿಗೆ ಗೆಲುವು ಕಾಣಲಿಲ್ಲ. ಮಕ್ಕಳನ್ನೇ ಕೇಳಿದಾಗ, ಟೀನ್ ಕೋರ್ಟಿಗೆ ಹೋದವರೇ ಆಮೇಲೆ ಹೆಚ್ಚು ತಪ್ಪು ಮಾಡಿದ್ದಾಗಿ ಹೇಳಿದ್ರು.

ಹಾಗಾದ್ರೆ ಇದೆಲ್ಲ ವೇಸ್ಟಾ? ನಾನು ಹಾಗೆ ಹೇಳಲ್ಲ. ಆದ್ರೆ ‘ಹುಡುಗರ ಕೈಗೆ ಕೋರ್ಟು ಕೊಟ್ರೆ ಎಲ್ಲ ಸರಿ ಹೋಗುತ್ತೆ’ ಅನ್ನೋ ಮಾತನ್ನ ಈ ಅಂಕಿಗಳು ಒಪ್ಪಲ್ಲ. ಈ ಮಗು ಇಲ್ಲಿಗೆ ಬರದೇ ಇದ್ದಿದ್ರೆ ಎಲ್ಲಿಗೆ ಹೋಗ್ತಿತ್ತು? ಇದು ಮೊದಲು ಕೇಳಬೇಕಾದ ಪ್ರಶ್ನೆ.

ಮೂರು ಅಪಾಯಗಳು

ಒಂದು, ಬಲೆ ದೊಡ್ಡದಾಗೋದು. ಮೊದಲಾದ್ರೆ ಪೊಲೀಸರು ‘ಇನ್ನೊಂದ್ಸಲ ಹೀಗೆ ಮಾಡಬೇಡ, ಹೋಗು’ ಅಂತ ಬಿಟ್ಟುಬಿಡ್ತಿದ್ದ ಹುಡುಗ, ಈಗ ‘ಹೇಗೂ ಯೂತ್ ಕೋರ್ಟ್ ಇದೆಯಲ್ಲ’ ಅಂತ ಅಲ್ಲಿಗೆ ಬರ್ತಾನೆ. ಅಲ್ಲಿ ಕೊಟ್ಟ ಕೆಲಸ ಮುಗಿಸೋಕೆ ಆಗದಿದ್ರೆ ನಿಜವಾದ ಕೋರ್ಟಿಗೆ ಹೋಗ್ತಾನೆ. ಕೋರ್ಟಿನಿಂದ ತಪ್ಪಿಸೋಕೆ ಮಾಡಿದ ದಾರಿಯೇ ಅವನನ್ನ ಕೋರ್ಟಿಗೆ ತಲುಪಿಸಿತು.

ಎರಡು, ಆಗಲೇ ನೆನಪಿಟ್ಕೊಳ್ಳಿ ಅಂದಿದ್ದ ಷರತ್ತು. ತಪ್ಪು ಒಪ್ಪಿಕೊಂಡ್ರೆ ಮಾತ್ರ ಒಳಗೆ ಪ್ರವೇಶ. ನಿಜವಾಗಲೂ ಏನೂ ಮಾಡದ ಹುಡುಗ, ‘ಒಪ್ಪಿಕೊಂಡ್ರೆ ಬೇಗ ಮುಗಿಯುತ್ತೆ’ ಅಂತ ಒಪ್ಪಿಕೊಂಡುಬಿಟ್ರೆ? 1967ರ ತೀರ್ಪು ಕೊಟ್ಟ ಸುಮ್ಮನಿರೋ ಹಕ್ಕು ಇಲ್ಲಿ ಬಾಗಿಲಾಚೆಯೇ ಉಳಿಯುತ್ತೆ. ಅದಕ್ಕೇ, ಒಪ್ಪಿಕೊಳ್ಳೋ ಮೊದಲು ಮಗುವಿಗೂ ಮನೆಯವರಿಗೂ ಕಾನೂನು ಗೊತ್ತಿರೋರು ಒಬ್ಬರು ವಿಷಯ ಬಿಡಿಸಿ ಹೇಳಬೇಕು.

ಮೂರು, ಗುಟ್ಟು. ಜ್ಯೂರಿಯಲ್ಲಿ ಕೂತವರು ಅದೇ ಏರಿಯಾದವರು, ಕೆಲವು ಸಲ ಅದೇ ಶಾಲೆಯವರು. ವಿಚಾರಣೆಯ ವಿಷಯ ಹೊರಗೆ ಹೇಳಲ್ಲ ಅಂತ ಪ್ರಮಾಣ ಮಾಡಿಸ್ತಾರೆ, ನಿಜ. ಆದ್ರೆ ಒಂದೇ ಒಂದು ಮೆಸೇಜ್ ಸಾಕು. ಕೋರ್ಟಿನ ದಾಖಲೆಯಲ್ಲಿ ಇಲ್ಲದ ಕಳಂಕ ಕ್ಲಾಸಿನ ವಾಟ್ಸ್ಆ್ಯಪ್ ಗ್ರೂಪಿನಲ್ಲಿ ಶಾಶ್ವತ ಆಗಿಬಿಡುತ್ತೆ.

ನಮ್ಮಲ್ಲಿ?

ಪ್ರಬಂಧ ಬರೆಸೋದು ಅಂದ ತಕ್ಷಣ ನಿಮ್ಮಲ್ಲಿ ಬಹಳ ಜನಕ್ಕೆ ಪುಣೆ ನೆನಪಾಗಿರುತ್ತೆ. 2024ರ ಮೇ 19ರ ಬೆಳಗಿನ ಜಾವ, 17 ವರ್ಷದ ಹುಡುಗ ಓಡಿಸ್ತಿದ್ದ ಪೋರ್ಷೆ ಕಾರು ಬೈಕಿಗೆ ಗುದ್ದಿ ಇಬ್ಬರು ಯುವ ಎಂಜಿನಿಯರ್‌ಗಳು ಸತ್ತರು. ಅವನಿಗೆ ಜಾಮೀನು ಕೊಡುವಾಗ ರಸ್ತೆ ಅಪಘಾತದ ಬಗ್ಗೆ 300 ಪದಗಳ ಪ್ರಬಂಧ ಬರೀಬೇಕು ಅನ್ನೋ ಷರತ್ತೂ ಇತ್ತು. ಇಡೀ ದೇಶ ಸಿಟ್ಟಾಯ್ತು. ಆಮೇಲೆ ಅವನನ್ನ ವೀಕ್ಷಣಾಲಯಕ್ಕೆ ಕಳಿಸಿದ್ರು.

ಆ ಸಿಟ್ಟು ಸಹಜವೇ. ಆದ್ರೆ ಅದರಿಂದ ‘ಮಕ್ಕಳಿಗೆ ಪ್ರಬಂಧ, ಸೇವೆ ಇದೆಲ್ಲ ನಾಟಕ’ ಅನ್ನೋ ತೀರ್ಮಾನಕ್ಕೆ ಬಂದ್ರೆ ನಷ್ಟ ಆಗೋದು ಬೇರೆ ಮಕ್ಕಳಿಗೆ. ಯೂತ್ ಕೋರ್ಟುಗಳು ಸಾಮಾನ್ಯವಾಗಿ ಕೈಗೆತ್ತಿಕೊಳ್ಳೋದು ಸಣ್ಣ ಕಳ್ಳತನ, ಗೋಡೆ ಹಾಳು ಮಾಡೋದು, ಶಾಲೆಯ ಜಗಳ, ಚಕ್ಕರ್ ಹೊಡೆಯೋದು, ಇಂಥ ಪ್ರಕರಣಗಳನ್ನ. ಜೀವ ಹೋದ ಪ್ರಕರಣಕ್ಕೆ ಈ ಅಳತೆಗೋಲು ಸಲ್ಲದು.

ನಮ್ಮ 2015ರ ಬಾಲ ನ್ಯಾಯ ಕಾಯ್ದೆ ಪ್ರಕಾರ 18 ತುಂಬದವರ ಪ್ರಕರಣ ಹೋಗೋದು ಬಾಲ ನ್ಯಾಯ ಮಂಡಳಿಗೆ. ಅಲ್ಲಿ ಒಬ್ಬರು ಮ್ಯಾಜಿಸ್ಟ್ರೇಟ್, ಇಬ್ಬರು ಸಮಾಜ ಕಾರ್ಯಕರ್ತರು, ಆ ಇಬ್ಬರಲ್ಲಿ ಒಬ್ಬರಾದ್ರೂ ಮಹಿಳೆ. ಹದಿಹರೆಯದವರಿಗೆ ಅಲ್ಲಿ ಕುರ್ಚಿ ಇಲ್ಲ. ಆದ್ರೆ ಯೂತ್ ಕೋರ್ಟಿನ ಬಹುತೇಕ ಸಾಮಗ್ರಿ ಈ ಕಾಯ್ದೆಯಲ್ಲಿ ಆಗಲೇ ಇದೆ. ಬುದ್ಧಿ ಹೇಳಿ ಮನೆಗೆ ಕಳಿಸೋದು, ಗುಂಪು ಆಪ್ತಸಮಾಲೋಚನೆ, ಸಮುದಾಯ ಸೇವೆ, ಇವೆಲ್ಲ ಮಂಡಳಿ ಕೊಡಬಹುದಾದ ಆದೇಶಗಳು. ಘೋರ ಅಪರಾಧ ಅಲ್ಲದಿದ್ರೆ, ದೊಡ್ಡವರ ಜೊತೆ ಸೇರಿ ಮಾಡಿದ್ದೂ ಅಲ್ಲದಿದ್ರೆ, ಕೇಂದ್ರದ ಮಾದರಿ ನಿಯಮಗಳ ಪ್ರಕಾರ ಪೊಲೀಸರು ಎಫ್‌ಐಆರ್ ಹಾಕೋ ಹಾಗಿಲ್ಲ. ವಿಚಾರಣೆ ನಾಲ್ಕು ತಿಂಗಳಲ್ಲಿ ಮುಗೀಬೇಕು, ಬೇಕಿದ್ರೆ ಇನ್ನೆರಡು ತಿಂಗಳು. ಸಣ್ಣ ಅಪರಾಧದ ವಿಚಾರಣೆ ಆಗಲೂ ಮುಗಿಯದಿದ್ರೆ ಪ್ರಕರಣವೇ ಕೊನೆಯಾಗುತ್ತೆ. ಮಗುವಿನ ಹೆಸರು, ಫೋಟೊ, ಗುರುತು ಬಯಲು ಮಾಡಿದವರಿಗೆ ಆರು ತಿಂಗಳವರೆಗೆ ಜೈಲು ಅಥವಾ ಎರಡು ಲಕ್ಷದವರೆಗೆ ದಂಡ, ಇಲ್ಲಾ ಎರಡೂ.

ಕಾಯ್ದೆಯಲ್ಲಿ ಇಲ್ಲದ್ದು ಒಂದೇ: ‘ನಾನೂ ನಿನ್ನ ವಯಸ್ಸಿನವಳೇ, ಈಗ ಹೇಳು, ಯಾಕೆ ಮಾಡಿದೆ?’ ಅಂತ ಕೇಳೋ ಧ್ವನಿ. ತೀರ್ಪು ಕೊಡೋ ಅಧಿಕಾರ ಮಂಡಳಿಯ ಬಳಿಯೇ ಇರಲಿ. ಗುಂಪು ಸಮಾಲೋಚನೆಯಲ್ಲಿ, ಸಮುದಾಯ ಸೇವೆಯಲ್ಲಿ, ಮೊದಲು ಇದೇ ದಾರಿಯಲ್ಲಿ ಹೋಗಿ ಹೊರಬಂದ ಯುವಕರು ತರಬೇತಿ ಪಡೆದು ಜೊತೆಗೆ ನಿಂತ್ರೆ ಆ ಧ್ವನಿ ನಮ್ಮಲ್ಲೂ ಕೇಳಿಸಬಹುದು. ಅಮೆರಿಕದಿಂದ ಕಪ್ಪು ಗೌನು, ಸುತ್ತಿಗೆ ತರಿಸೋದೇನೂ ಬೇಡ. ಇದು ನನ್ನ ಅಭಿಪ್ರಾಯ, ನಿಮ್ಮದು ಬೇರೆ ಇರಬಹುದು.

ಮುಗಿಸೋ ಮೊದಲು ಒಂದು ಮಾತು. ಹದಿಹರೆಯದವರು ಹದಿಹರೆಯದವರಿಗೆ ತೀರ್ಪು ಕೊಡೋದು ನಮ್ಮಲ್ಲಿ ಇಲ್ಲ ಅಂತ ನಾವು ಅನ್ಕೋತೀವಿ. ದಿನಾ ನಡೀತಿದೆ, ನಮ್ಮ ಫೋನಲ್ಲೇ. ಅಂಗಡಿಯಲ್ಲಿ ಸಿಕ್ಕಿಬಿದ್ದ ಹುಡುಗನ ವಿಡಿಯೊ ಬರುತ್ತೆ, ಕೆಳಗೆ ನೂರಾರು ಕಾಮೆಂಟು, ಅರ್ಧ ಗಂಟೆಯಲ್ಲಿ ಶಿಕ್ಷೆ ಜಾರಿ. ಆ ಕೋರ್ಟಿನಲ್ಲಿ ಅವನನ್ನ ಯಾರೂ ಒಂದು ಪ್ರಶ್ನೆನೂ ಕೇಳಲ್ಲ. ಆ ಶಿಕ್ಷೆಗೆ ಕೊನೆಯ ದಿನಾಂಕನೂ ಇಲ್ಲ. ರೆಡ್ ಹುಕ್‌ನ ಜ್ಯೂರಿಯಲ್ಲಿ ಕೂರೋ ಹುಡುಗಿಗೂ ಕಾಮೆಂಟ್ ಹಾಕೋ ಹುಡುಗಿಗೂ ವಯಸ್ಸು ಒಂದೇ. ಅವಳಿಗೆ ಯಾರೋ ತರಬೇತಿ ಕೊಟ್ಟು, ಮೊದಲು ಕೇಳಿಸ್ಕೋ, ಆಮೇಲೆ ಹೇಳು ಅಂತ ಕಲಿಸಿದ್ದಾರೆ. ಮುಂದಿನ ಸಲ ಅಂಥ ವಿಡಿಯೊ ನಿಮ್ಮ ಗ್ರೂಪಿಗೆ ಬಂದಾಗ ಫಾರ್ವರ್ಡ್ ಒತ್ತೋ ಮುಂಚೆ ಇದೊಂದು ನೆನಪಿರಲಿ. ಆ ಹುಡುಗನಿಗೆ 18 ಆಗಿಲ್ಲದಿದ್ರೆ ಅವನ ಗುರುತು ಹಂಚಿದ ನೀವೂ ಕಾನೂನಿನ ಕಟಕಟೆಯಲ್ಲಿ ನಿಲ್ಲಬೇಕಾಗಬಹುದು.

ಇವತ್ತಿಗೆ ಇಷ್ಟು. ನಿಮ್ಮ ವಯಸ್ಸಿನವರು ನಿಮ್ಮ ತಪ್ಪನ್ನ ವಿಚಾರಿಸೋದು ನಿಮಗೆ ಒಪ್ಪಿಗೆನಾ? ಒಂದು ವಾಯ್ಸ್ ಮೆಸೇಜ್ ಕಳಿಸಿ. ಮುಂದಿನ ಸಂಚಿಕೆಯಲ್ಲಿ ಸಿಗೋಣ.